ನಮ್ಮಲ್ಲಿ ಕಾಣೆಯಾಗುವವರು ಅಜ್ಜಂದಿರು

ತುಳುನಾಡಿನ ನಮ್ಮ ಕಡೆ ಹವ್ಯಾಸಕ್ಕೆಂದು ಯಾರೂ ವಂಶಾವಳಿ ಹುಡುಕುವುದಿಲ್ಲ. ಒಂದೋ ಜೋಯಿಸರು ಕವಡೆ ಹಾಕಿ ನೋಡುವ ಪ್ರಶ್ನೆಯಲ್ಲಿ ಕಂಡುಬಂದಿರಬೇಕು, ಇಲ್ಲ ಪಾಲಿನ ಮಾತು ಎದ್ದಿರಬೇಕು. ಪಾಲಿನದ್ದಾದರೆ ದಾರಿ ನೇರ. ವಕೀಲರಿದ್ದಾರೆ, ಅಫಿಡವಿಟ್ ಉಂಟು, ನಾಡಕಚೇರಿಗೆ ಅರ್ಜಿ ಹಾಕಿದರೆ ವಿ.ಎ. (ಕಂದಾಯ ಇಲಾಖೆಯ ಗ್ರಾಮಮಟ್ಟದ ಅಧಿಕಾರಿ) ವಿಚಾರಣೆ ಮಾಡಿ ವಂಶವೃಕ್ಷದ ಕಾಗದಕ್ಕೆ ರುಜು ಹಾಕುತ್ತಾರೆ. ಅದರಲ್ಲಿ ಜಾಗದ ಮೇಲೆ ಹಕ್ಕಿರುವವರ ಹೆಸರು ಇರುತ್ತದೆ. ಹಕ್ಕಿಲ್ಲದವರು ಆ ಕಾಗದದ ಮಟ್ಟಿಗೆ ಹುಟ್ಟಿಯೇ ಇಲ್ಲ. ಪ್ರಶ್ನೆಯ ತಾಪತ್ರಯ ಬೇರೆ. ನಾಲ್ಕು ತಲೆ ಹಿಂದೆ ಬಿಟ್ಟುಬಂದ ಜಾಗದಲ್ಲಿ ಕುಟುಂಬದ ಮೂಲದ ನಾಗನಿಗೆ ತಂಬಿಲದ ಪೂಜೆ ನಡೆಯುತ್ತಿಲ್ಲ ಎಂದು ಜೋಯಿಸರು ಕವಡೆ ಸರಿಸಿ ಹೇಳಿಬಿಟ್ಟರೆ, ಆ ನಾಲ್ಕನೇ ತಲೆ ಯಾರು, ಎಲ್ಲಿಂದ ಬಂದವರು ಎಂದು ಹುಡುಕುವುದು ಕುಟುಂಬದ ತಲೆಯ ಮೇಲೆ.

ನಮ್ಮ ಕುಟುಂಬದಲ್ಲಿ ಆದದ್ದು ಅದೇ. ದೊಡ್ಡಮ್ಮನಿಗೆ ತನ್ನ ಅಜ್ಜಿಯ ತಾಯಿಯ ಹೆಸರಿನವರೆಗೆ ಬಾಯಿಪಾಠ ಬರುತ್ತದೆ. ಆ ಅಜ್ಜಿಯಂದಿರು ಯಾವ ಮನೆಯಲ್ಲಿ ಹೆತ್ತರು, ಯಾರಿಗೆ ಎಷ್ಟು ಮಕ್ಕಳು, ಯಾರು ಸಿಡುಬಿನಲ್ಲಿ ಹೋದರು, ಎಲ್ಲ ಬರುತ್ತದೆ. ಅವರ ಗಂಡಂದಿರ ಹೆಸರು ಕೇಳಿದರೆ ಮಾತ್ರ, "ಎಂತದೋ ಮಗಾ, ಅವರು ಆಚೆ ಮನೆಯವರು" ಎನ್ನುತ್ತಾರೆ. "ನಿನಗೆ ಕಂಪ್ಯೂಟರ್ ಗೊತ್ತುಂಟಲ್ಲ, ನೀನೇ ನೋಡು" ಎಂದು ಮಾಮ ಕೆಲಸವನ್ನು ನನಗೆ ಕಟ್ಟಿದರು.

ವಂಶಾವಳಿ ಹುಡುಕುವ ಬೇರೆ ಊರು, ಬೇರೆ ದೇಶದವರ ದೊಡ್ಡ ದೂರು ಹೆಂಗಸರು ಕಾಣೆಯಾಗುತ್ತಾರೆ ಎಂಬುದು. ಮದುವೆಯಾದೊಡನೆ ಹೆಸರು ಬದಲು, ತವರಿನ ಗುರುತು ಅಳಿಸಿಹೋಗುತ್ತದೆ, ಮುತ್ತಜ್ಜಿ ಬರೇ ಒಬ್ಬನ ಹೆಂಡತಿಯಾಗಿ ದಾಖಲೆಯಲ್ಲಿ ಉಳಿಯುತ್ತಾಳೆ. ತುಳುನಾಡಿನ ಅಳಿಯಕಟ್ಟಿನ ಮನೆಗಳಲ್ಲಿ ಇದು ಪೂರ್ತಿ ತಲೆಕೆಳಗು. ಇಲ್ಲಿ ಕಾಣೆಯಾಗುವವರು ಅಜ್ಜಂದಿರು.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಭೂತಾಳ ಪಾಂಡ್ಯ ಮಾಡಿದ ಕಟ್ಟು ಎಂದು ಐತಿಹ್ಯ ಹೇಳುವ ಅಳಿಯಸಂತಾನದಲ್ಲಿ ಆಸ್ತಿ, ಬಳಿ (ಗೋತ್ರದಂಥ ಕುಲದ ಗುರುತು), ದೈವದ ಹಕ್ಕು ಎಲ್ಲ ತಾಯಿಯ ಕಡೆಯಿಂದ. ಬಂಟರು, ಬಿಲ್ಲವರು, ಮೊಗವೀರರು, ಇಲ್ಲಿನ ಜೈನರಲ್ಲಿ ಹಲವರು ಈ ಕಟ್ಟಿನವರು. ಮಕ್ಕಳು ತಾಯಿಯ ಬಳಿಗೆ ಸೇರಿದವರು, ಒಂದೇ ಬಳಿಯವರಲ್ಲಿ ಮದುವೆ ಇಲ್ಲ. ಮನೆಯ ಯಜಮಾನಿಕೆ ಮಾವನಿಂದ ಸೋದರಳಿಯನಿಗೆ. ಗಂಡನಾದವನು ಹೆಂಡತಿಯ ಕುಟುಂಬಕ್ಕೆ ಸೇರಿದವನಲ್ಲ, ತನ್ನ ಅಕ್ಕತಂಗಿಯರ ಕುಟುಂಬದವನು. ಅವನು ತೀರಿಕೊಂಡರೆ ಹೆಂಡತಿ ಮಕ್ಕಳ ಸಮೇತ ತನ್ನ ತರವಾಡಿಗೆ, ಅಂದರೆ ತಾಯಿಯ ಕಡೆಯ ಮೂಲಮನೆಗೆ, ಬರುವುದು ಸಾಮಾನ್ಯವಾಗಿತ್ತು. ಹಾಗಾಗಿ ಒಂದು ಮನೆಯ ಕಾಗದಪತ್ರಗಳಲ್ಲಿ ಅಜ್ಜಿ ಇರುತ್ತಾಳೆ, ಅವಳ ಅಣ್ಣತಮ್ಮಂದಿರು ಇರುತ್ತಾರೆ, ಅವಳ ಮಕ್ಕಳು ಇರುತ್ತಾರೆ. ಆ ಮಕ್ಕಳ ಅಪ್ಪ ಇರುವುದಿಲ್ಲ. ಅವನ ಹೆಸರು ಹತ್ತು ಮೈಲು ದೂರದ ಇನ್ನೊಂದು ಮನೆಯ ಕಟ್ಟಿನೊಳಗೆ, ಅವನ ಅಕ್ಕನ ಮಕ್ಕಳ ಹೆಸರಿನ ಪಕ್ಕದಲ್ಲಿ ಇರುತ್ತದೆ. ಅಲ್ಲಿ ಅವನ ಹೆಂಡತಿ ಮಕ್ಕಳ ಸುದ್ದಿಯೇ ಇಲ್ಲ.

ಇಂಥ ಕುಟುಂಬವನ್ನು ಹೊತ್ತುಕೊಂಡು ವಂಶಾವಳಿಯ ಜಾಲತಾಣಗಳಿಗೆ ಹೋದರೆ ಮೊದಲ ಪುಟದಲ್ಲೇ ಎಡವುತ್ತೇವೆ. ಫ್ಯಾಮಿಲಿಸರ್ಚ್ ಉಚಿತ, ದೊಡ್ಡದು, ಅಮೆರಿಕದ ಮಾರ್ಮನ್ ಚರ್ಚಿನವರು ನಡೆಸುವಂಥದ್ದು. ಗೆನಿ, ಮೈಹೆರಿಟೇಜ್ ದುಡ್ಡಿನ ವ್ಯವಹಾರದವು. ಎಲ್ಲ ಕಡೆ ಮನೆತನದ ಹೆಸರಿಗೆ ಒಂದು ಖಾನೆ, ಆ ಹೆಸರು ಅಪ್ಪನಿಂದ ಮಗನಿಗೆ ಇಳಿಯುತ್ತದೆ ಎಂಬ ಎಣಿಕೆ. ನಮ್ಮಲ್ಲಿ ಮುತ್ತಜ್ಜಿಯ ಕಾಲಕ್ಕೆ ಅಂಥ ಹೆಸರೇ ಕಡಿಮೆ. ಬಂಗೇರ, ಸಾಲಿಯಾನ್, ಕುಂದರ್, ಕರ್ಕೇರ, ಕೋಟ್ಯಾನ್, ಸುವರ್ಣ ಎಂಬ ಬಳಿಯ ಹೆಸರುಗಳು ಶಾಲೆ, ಮುಂಬಯಿಯ ನೌಕರಿ, ಪಾಸ್‌ಪೋರ್ಟುಗಳ ಕಾಲಕ್ಕೆ ಹೆಸರಿನ ಬಾಲಕ್ಕೆ ಬಂದು ಸೇರಿದಂಥವು. ಮತ್ತೆ ಗೊಂದಲ ಏನೆಂದರೆ ಒಂದು ತಲೆಮಾರಿನವರು ತಾಯಿಯ ಬಳಿಯನ್ನು ಹಾಕಿಕೊಂಡರು, ಮುಂದಿನವರು ಅಪ್ಪನದನ್ನು ಹಾಕಿಕೊಂಡರು. ನನ್ನ ಮಾಮನದು ಒಂದು, ಅವರ ಮಗನದು ಇನ್ನೊಂದು. ಹೆಸರಿನ ಬಾಲ ಹಿಡಿದು ಹೋದವನು ಎರಡು ತಲೆಮಾರಿನಲ್ಲೇ ಬೇರೆ ಮನೆಗೆ ಹೊಕ್ಕಿರುತ್ತಾನೆ.

ಮೊದಲ ಹೆಸರಾದರೂ ಗುರುತು ಹೇಳುತ್ತದೆಯೇ ಎಂದರೆ ಅದೂ ಇಲ್ಲ. ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ. ಹುಟ್ಟಿದ ವಾರವೇ ಹೆಸರು. ಶುಕ್ರವಾರ ಹುಟ್ಟಿದವರೆಲ್ಲ ತುಕ್ರರಾದರೆ ಹುಡುಕುವ ಯಂತ್ರ ತಾನೇ ಏನು ಮಾಡೀತು? ಇನ್ನು ಗುತ್ತು ಬೀಡುಗಳೆಂಬ ಹಳೆಯ ದೊಡ್ಡಮನೆ, ಅರಮನೆಗಳ ಕಡೆ ಹೋದರೆ ಗಡಿ ಹಿಡಿದು ಯಜಮಾನರಾದವರಿಗೆ ಪಟ್ಟದ ಹೆಸರು. ವೇಣೂರಿನಲ್ಲಿ 1604ರಲ್ಲಿ ಗೊಮ್ಮಟನನ್ನು ನಿಲ್ಲಿಸಿದವನು ತಿಮ್ಮಣ್ಣ ಅಜಿಲ. ಆ ಅರಮನೆಯಲ್ಲಿ ಈಗಲೂ ಪಟ್ಟಕ್ಕೆ ಬಂದವರಿಗೆ ತಿಮ್ಮಣ್ಣರಸ ಎಂಬ ಹೆಸರೇ. ನಾಲ್ಕು ನೂರು ವರ್ಷಕ್ಕೆ ಒಂದೇ ಹೆಸರು ಸಿಕ್ಕಿದರೆ ಅದು ಒಬ್ಬನೇ ಮನುಷ್ಯನಲ್ಲ ಎಂದು ಜಾಲತಾಣಕ್ಕೆ ಯಾರು ಹೇಳಬೇಕು?

ಕೊನೆಗೆ ನನಗೆ ಒಗ್ಗಿದ್ದು ಗ್ರ್ಯಾಂಪ್ಸ್ ಎಂಬ ಮುಕ್ತ ತಂತ್ರಾಂಶ. ನಮ್ಮದೇ ಕಂಪ್ಯೂಟರಿನಲ್ಲಿ ಕೂರುತ್ತದೆ, ಯಾರಿಗೂ ತಿಂಗಳ ಚಂದಾ ಕೊಡಬೇಕಿಲ್ಲ. ಕನ್ನಡದಲ್ಲಿ ಹೆಸರು ಬರೆದರೂ ತಕರಾರಿಲ್ಲ. ಅದರಲ್ಲಿ ಮನೆತನದ ಹೆಸರು ಎಲ್ಲಿಂದ ಬಂತು ಎಂದು ಗುರುತಿಸುವ ಒಂದು ಪಟ್ಟಿ ಉಂಟು. ಆ ಪಟ್ಟಿಯಲ್ಲಿ ತಾಯಿಯ ಕಡೆಯಿಂದ ಇಳಿದದ್ದು ಎಂಬ ಆಯ್ಕೆಯನ್ನೂ ಇಟ್ಟಿದ್ದಾರೆ. ಒಬ್ಬರಿಗೆ ಎರಡು ಮನೆತನದ ಹೆಸರು ಕೊಡಲೂ ಬರುತ್ತದೆ. ಯಾರೋ ಪುಣ್ಯಾತ್ಮರು ನಮ್ಮಂಥವರೂ ಲೋಕದಲ್ಲಿದ್ದಾರೆ ಎಂದು ಯೋಚಿಸಿದ್ದಾರೆ ಎಂದು ಆ ದಿನ ನಿಜಕ್ಕೂ ಖುಷಿಯಾಯಿತು. ಕಡತವನ್ನು ಜೆಡ್‌ಕಾಮ್ ರೂಪದಲ್ಲಿ ಉಳಿಸಿದರೆ ಬೇರೆ ತಂತ್ರಾಂಶದಲ್ಲೂ ತೆರೆಯಬಹುದು.

ತಂತ್ರಾಂಶ ಖಾಲಿ ಪಾತ್ರೆ. ತುಂಬಿಸಲು ಹೆಸರು ಎಲ್ಲಿಂದ ತರುವುದು? ಇಲ್ಲಿ ನಾನು ಕಲಿತದ್ದು, ನಮ್ಮ ಕಡೆ ಹೆಸರು ಹಿಡಿದು ಹುಡುಕಬಾರದು, ಜಾಗ ಹಿಡಿದು ಹುಡುಕಬೇಕು. ಮನುಷ್ಯರಿಗೆ ವಾರದ ಹೆಸರಿಟ್ಟ ಇದೇ ಜನ ಮನೆಗೆ, ಗದ್ದೆಗೆ, ಬೈಲಿಗೆ ಒಂದೊಂದಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದಾರೆ. (ಪಡುಮನೆ, ಮೂಡುಮನೆ ಎಂಬವು ಪ್ರತಿ ಗ್ರಾಮದಲ್ಲೂ ಇವೆ ಎಂಬುದು ನಿಜ. ಆದರೂ ಗ್ರಾಮ ಗೊತ್ತಿದ್ದರೆ ಸುಧಾರಿಸಬಹುದು.)

ಪಹಣಿಯಿಂದ ಶುರು ಮಾಡಿ. ಭೂಮಿ ತಂತ್ರಾಂಶದಲ್ಲಿ ಆರ್‌ಟಿಸಿ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಸರ್ವೆ ನಂಬರು ಹಾಕಿದರೆ ಈಗಿನ ಖಾತೆದಾರರ ಹೆಸರು, ಮ್ಯುಟೇಶನ್ನಿನ ನಂಬರು ಸಿಗುತ್ತದೆ. ಸರ್ವೆ ನಂಬರೇ ಗೊತ್ತಿಲ್ಲದಿದ್ದರೆ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ಹೋಗಿ ನಿಂತರೆ ಸಾಕು, ನೀವು ನಿಂತ ನೆಲದ ನಂಬರನ್ನು ಅದೇ ತೋರಿಸುತ್ತದೆ. ಹಾಳುಬಿದ್ದ ಬನ, ಕುಸಿದ ಮನೆಯ ಅಡಿಪಾಯ ಹುಡುಕುವವರಿಗೆ ಇದಕ್ಕಿಂತ ಉಪಕಾರಿ ಇನ್ನೊಂದಿಲ್ಲ. ಸರ್ವೆ ಇಲಾಖೆಯ ಗ್ರಾಮನಕ್ಷೆಗಳೂ ಜಾಲದಲ್ಲಿ ಇಳಿಸಿಕೊಳ್ಳಲು ಸಿಗುತ್ತವೆ. ಹಳೆಯ ಅಡಂಗಲ್ (ಯಾವ ಜಾಗದಲ್ಲಿ ಯಾರ ಸಾಗುವಳಿ ಎಂಬ ಲೆಕ್ಕದ ಪುಸ್ತಕ), ಸೆಟಲ್‌ಮೆಂಟಿನ ಕಾಲದ ಪುಸ್ತಕಗಳಿಗೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೇ ಹೋಗಬೇಕಿತ್ತು. ಈಚೆಗೆ ಭೂ ಸುರಕ್ಷಾ ಎಂಬ ಯೋಜನೆಯಲ್ಲಿ ಆ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಕಾವೇರಿ ತಾಣದಲ್ಲಿ ಸಿಗುವ ಇ.ಸಿ. (ಋಣಭಾರ ಪತ್ರ) ನೋಂದಣಿ ಕಂಪ್ಯೂಟರಿಗೆ ಬಂದ ನಂತರದ ವ್ಯವಹಾರಗಳದ್ದು. ಅದಕ್ಕೂ ಹಿಂದಿನದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಇಂಡೆಕ್ಸ್ ಪುಸ್ತಕಗಳೇ ಗತಿ.

ಆದರೆ ಇದೆಲ್ಲ ಜಾಗ ಇದ್ದವರ ಕಥೆ. ವರ್ಗದಾರರ (ಭೂಮಿಯ ಒಡೆಯರ), ಮೂಲಗೇಣಿದಾರರ (ಕಾಯಂ ಗೇಣಿಯವರ) ಹೆಸರು ನೂರು ವರ್ಷ ಹಿಂದಕ್ಕೂ ಸಿಗುತ್ತದೆ. ಅವರ ಗದ್ದೆಯನ್ನು ಚಾಲಗೇಣಿಗೆ, ಅಂದರೆ ಒಡೆಯ ಬಿಡಿಸಬಹುದಾದ ಗೇಣಿಗೆ, ಮಾಡಿದವರ ಹೆಸರು, ಅಲ್ಲಿ ಉತ್ತವರ, ನೆಟ್ಟವರ ಹೆಸರು ಸಿಗುವುದಿಲ್ಲ. 1801ರಲ್ಲಿ ಈ ದಾರಿಯಾಗಿ ಹೋದ ಕಂಪೆನಿಯ ಸಮೀಕ್ಷೆಗಾರ ಫ್ರಾನ್ಸಿಸ್ ಬುಕನನ್ ಇಲ್ಲಿನ ಬೆಳೆ, ಗೇಣಿ, ಜೀತದಾಳುಗಳ ವಿವರವನ್ನೆಲ್ಲ ಬರೆದುಕೊಂಡ. ಜೀತದವರು ಅವನಿಗೆ ಲೆಕ್ಕಕ್ಕೆ ಸಿಕ್ಕಿದ ಜನ, ಹೆಸರು ಕೇಳಿ ಬರೆದುಕೊಳ್ಳಬೇಕಾದವರಲ್ಲ.

ಈ ಜನರಲ್ಲಿ ಬಹಳ ಮಂದಿಗೆ ಕಾಗದದ ಮೇಲೆ ಮೊದಲು ಹೆಸರು ಬಂದದ್ದು ಡಿಕ್ಲರೇಶನ್ನಿನಲ್ಲಿ. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂತು, ಗೇಣಿಯ ಭೂಮಿ ಸರಕಾರಕ್ಕೆ ಸೇರಿತು, ಉಳುವವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಅಧಿಭೋಗದ ಹಕ್ಕು ಕೇಳಬೇಕಾಯಿತು. ಅರ್ಜಿಯ ಗಡುವು ಮುಂದೆ ಹೋಗುತ್ತಾ 1979ರ ಜೂನ್ 30ರವರೆಗೆ ಬಂತು. ನಮ್ಮ ಜಿಲ್ಲೆಯಲ್ಲಿ "ಡಿಕ್ಲರೇಶನ್ನಲ್ಲಿ ಬಂದ ಜಾಗ" ಎಂದರೆ ಮಕ್ಕಳಿಗೂ ಅರ್ಥವಾಗುತ್ತದೆ. ಈ ಕಡತಗಳನ್ನು ಎಲ್ಲರೂ ಹಕ್ಕಿನ ಕಾಗದವೆಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದಾರೆ. ಕುಟುಂಬದ ಚರಿತ್ರೆ ಎಂದು ಓದಿದವರು ಕಡಿಮೆ. ಓದಿ ನೋಡಿ. ಭೂನ್ಯಾಯ ಮಂಡಳಿಯ ಮುಂದೆ ಅರ್ಜಿದಾರರ ಹೇಳಿಕೆ ಇರುತ್ತದೆ: ಯಾವ ಕಾಲದಿಂದ ಸಾಗುವಳಿ, ಮೊದಲು ಗೇಣಿಗೆ ಹಿಡಿದವರು ಯಾರು, ವರ್ಷಕ್ಕೆ ಎಷ್ಟು ಮುಡಿ ಅಕ್ಕಿ, ಯಾವ ಧಣಿಯ ಮನೆಗೆ ಹೊತ್ತುಹಾಕುತ್ತಿದ್ದರು, ರಶೀದಿ ಕೊಟ್ಟಿದ್ದಾರೆಯೇ. ನೆರೆಕರೆಯವರು ಸಾಕ್ಷಿ ಹೇಳಿರುತ್ತಾರೆ. ಸಾಕ್ಷಿಗೆ ವಯಸ್ಸು ಬರೆದಿರುತ್ತಾರೆ. ಎಷ್ಟೋ ಮನೆಗಳಲ್ಲಿ ಅರ್ಜಿದಾರಳು ಹೆಂಗಸೇ, ಹೆಬ್ಬೆಟ್ಟು ಒತ್ತಿದ ಅಜ್ಜಿ. ನಮ್ಮ ಅಜ್ಜಿಯ ಹೇಳಿಕೆಯಲ್ಲಿ ಆಕೆ ತನ್ನ ತಾಯಿ, ತಾಯಿಯ ಅಣ್ಣ, ಆತನಿಗೆ ಮೊದಲು ಗೇಣಿಗೆ ಕೊಟ್ಟ ಧಣಿ, ಹೀಗೆ ಸರಾಗವಾಗಿ ಹೇಳುತ್ತಾ ಹೋಗಿದ್ದಾಳೆ. ತಾವು ಈ ಗ್ರಾಮದವರಲ್ಲ, ಹೊಳೆಯಾಚೆಯಿಂದ ಬಂದು ಒಕ್ಕಲಾದವರು ಎಂಬುದೂ ಅಲ್ಲೇ ಉಂಟು, ಬಿಟ್ಟುಬಂದ ಮನೆಯ ಹೆಸರು ಸಮೇತ. ಜೋಯಿಸರು ಹೇಳಿದ ಮೂಲಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಎಲ್ಲಿ ಸಿಗಬೇಕು? ಗಂಡನ ಬಗ್ಗೆ ಆಕೆಯನ್ನು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಮಂಡಳಿಯ ತೀರ್ಪು ಒಪ್ಪದೆ ಹೈಕೋರ್ಟಿಗೆ ಹೋದವರು ಬಹಳ. ಅವರ ತೀರ್ಪುಗಳು ಈಗ ಜಾಲದಲ್ಲಿ ತೆರೆದಿವೆ. ಇದು ನನಗೆ ತಡವಾಗಿ ಹೊಳೆದ ದಾರಿ, ಆದರೆ ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. 2008ರಿಂದ ಇರುವ ಇಂಡಿಯನ್ ಕಾನೂನ್ ತಾಣ ವಕೀಲರಿಗಾಗಿ ಮಾಡಿದ್ದಾದರೂ ತುಳುನಾಡಿನವರಿಗೆ ಅದು ವಂಶಾವಳಿಯ ಭಂಡಾರ. ಕಾರಣ ಸರಳ. ಅಳಿಯಸಂತಾನದ ಕುಟುಂಬದಲ್ಲಿ ಒಬ್ಬರು ಪಾಲು ಕೇಳಿದರೆ ಉಳಿದವರು ಕೊಡಲೇಬೇಕೆಂದಿಲ್ಲ ಎಂದು 1863ರಲ್ಲಿ ಮದರಾಸು ಹೈಕೋರ್ಟು ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗ್ಸು ಎಂಬವರ ವ್ಯಾಜ್ಯದಲ್ಲಿ ಹೇಳಿತು. ಆ ನಿಲುವು ಎಂಬತ್ತಕ್ಕೂ ಹೆಚ್ಚು ವರ್ಷ ನಡೆಯಿತು. ಮತ್ತೆ 1949ರ ಮದರಾಸು ಅಳಿಯಸಂತಾನ ಕಾಯ್ದೆ ಕವರು ಕವರಾಗಿ (ಒಬ್ಬ ತಾಯಿಯಿಂದ ಇಳಿದ ಒಂದೊಂದು ಕವಲಾಗಿ) ಪಾಲು ಮಾಡಿಕೊಳ್ಳುವ ಹಕ್ಕು ಕೊಟ್ಟದ್ದೇ ತಡ, ಕಟ್ಟೆಯೊಡೆದಂತೆ ದಾವೆಗಳು ಬಂದವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಇನ್ನಷ್ಟು. ಪ್ರತಿ ದಾವೆಯಲ್ಲೂ ಯಾರು ಯಾವ ಕವರಿನವರು, ಯಾವುದು ಸಂತತಿ ಕವರು, ಯಾವುದು ನಿಸ್ಸಂತತಿ ಕವರು ಎಂದು ನ್ಯಾಯಾಧೀಶರು ಮೊದಲು ಬಿಡಿಸಬೇಕು. ಬಿಡಿಸಬೇಕಾದರೆ ಮೂಲದ ಅಜ್ಜಿಯಿಂದ ಹಿಡಿದು ಇಡೀ ಮರ ಬರೆಯಬೇಕು. ಜಗಳ ಮಾಡಿದ ಕುಟುಂಬದ ಮರ ಸರಕಾರದ ಖರ್ಚಿನಲ್ಲಿ ಉಳಿಯಿತು, ಒಗ್ಗಟ್ಟಾಗಿದ್ದ ಕುಟುಂಬದ್ದು ದೊಡ್ಡಮ್ಮನ ಬಾಯಲ್ಲಿ ಮಾತ್ರ.

ಹುಡುಕುವಾಗ ಇಂಗ್ಲಿಷಿನ ಹಳೆಯ ಬರವಣಿಗೆಗೆ ತಕ್ಕಂತೆ ಹಾಕಬೇಕು. ಶೆಟ್ಟಿ ಕೆಲವು ಕಡೆ ಚೆಟ್ಟಿ, ಶೆಡ್ತಿ ಎಂಬುದಕ್ಕೆ ಮೂರು ನಾಲ್ಕು ರೂಪ, ಹೆಂಗಸರ ಹೆಸರಿನ ಕೊನೆಗೆ ಹೆಂಗ್ಸು. ಉಡುಪಿಯನ್ನು ಉಡಿಪಿ ಎಂದೂ, ಕೆನರಾವನ್ನು ಸಿ ಅಕ್ಷರದಲ್ಲೂ ಕೆ ಅಕ್ಷರದಲ್ಲೂ ಬರೆದಿದ್ದಾರೆ. ಅಳಿಯಸಂತಾನ ಎಂಬ ಪದದ ಜೊತೆ ಗ್ರಾಮದ ಹೆಸರನ್ನೋ ಮನೆಯ ಹೆಸರನ್ನೋ ಸೇರಿಸಿ ನೋಡಿ. ತೀರ್ಪಿನಲ್ಲಿದ್ದ ಮರದ ಚಿತ್ರ ಜಾಲಕ್ಕೆ ಬರುವಾಗ ಗೆರೆಗಳೆಲ್ಲ ಕಳಚಿ ಹೆಸರುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಪೆನ್ನು ಕಾಗದ ತೆಗೆದುಕೊಂಡು ಕೆಳಗಿನ ವಿವರ ಓದುತ್ತಾ ಮತ್ತೆ ಜೋಡಿಸಬೇಕು. ಹಾಗೆ ಜೋಡಿಸುವಾಗ ಅಳಿಯಕಟ್ಟಿನ ಮರದ ಆಕಾರ ಕಣ್ಣಿಗೆ ಹೊಡೆಯುತ್ತದೆ. ಗಂಡಸಿನ ಹೆಸರು ಬಂದಲ್ಲಿ ಕೊಂಬೆ ನಿಂತುಹೋಗುತ್ತದೆ. ಅವನಿಗೆ ಹತ್ತು ಮಕ್ಕಳಿದ್ದರೂ ಆ ಮರದಲ್ಲಿ ಅವನು ನಿಸ್ಸಂತತಿ.

1799ರಿಂದ 1956ರವರೆಗೆ ನಾವು ಮದರಾಸಿನವರು. ಟಿಪ್ಪು ಬಿದ್ದ ಮೇಲೆ ಕೆನರಾ ಕಂಪೆನಿಯ ಕೈಗೆ ಬಂತು, 1862ರಲ್ಲಿ ಉತ್ತರದ ಭಾಗ ಮುಂಬಯಿಗೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಹಾಗಾಗಿ ಹಳೆಯ ಸರಕಾರಿ ಕಡತಗಳಿಗೆ ಬೆಂಗಳೂರಿಗಿಂತ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ ಮುಖ್ಯ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ತಾಣದಲ್ಲೂ ಕೆಲವು ಸಿಗುತ್ತವೆ. ಕಾಸರಗೋಡಿನ ಕಡೆ ಮೂಲ ಇರುವವರು 1956ರ ನಂತರದ್ದನ್ನು ಕೇರಳದ ತಾಣಗಳಲ್ಲಿ ನೋಡಬೇಕು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ ಎಂಬುದೂ ನೆನಪಿರಲಿ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸ್ಟರಕ್ ಬರೆದ 1894ರ ದಕ್ಷಿಣ ಕನ್ನಡ ಮ್ಯಾನ್ಯುಯಲ್, ಅದರ ಮರುವರ್ಷ ಬಂದ ಎರಡನೇ ಸಂಪುಟ, ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರ ಥರ್ಸ್ಟನ್ನನ ಏಳು ಸಂಪುಟಗಳು ಧರ್ಮಕ್ಕೆ ಸಿಗುತ್ತವೆ. ಥರ್ಸ್ಟನ್ನನಲ್ಲಿ ಬಳಿಗಳ ಪಟ್ಟಿಯೂ ಉಂಟು. ಮನುಷ್ಯರ ಮೂಗು ಅಳೆದು ಜಾತಿ ತಿಳಿಯುತ್ತೇನೆ ಎಂದು ಹೊರಟವನ ಪುಸ್ತಕ ಅದು, ಆ ಎಚ್ಚರದಲ್ಲೇ ಓದಬೇಕು. ಇವುಗಳಲ್ಲಿ ನಮ್ಮಂಥವರ ಮುತ್ತಜ್ಜಿಯ ಹೆಸರು ಇರುವುದಿಲ್ಲ. ಆ ಕಾಲದ ಗೇಣಿ, ಬರ, ದಾರಿ, ಸಂತೆ ಹೇಗಿತ್ತು ಎಂದು ತಿಳಿಯಲು ಸಾಕು.

ಬಿಜೈಯಲ್ಲಿರುವ ನನ್ನ ಕೆಥೊಲಿಕ್ ಗೆಳತಿಗೆ ಇಷ್ಟೆಲ್ಲ ಸುತ್ತಾಟವಿಲ್ಲ, ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ. ಇಗರ್ಜಿಯ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳಲ್ಲಿ ತಾಯಿ, ತಂದೆ, ಧರ್ಮತಂದೆ, ಧರ್ಮತಾಯಿ ಎಲ್ಲರೂ ಇದ್ದಾರೆ. ಆದರೆ ಅವರಿಗೂ ಒಂದು ಗೋಡೆ ಉಂಟು. 1784ರಲ್ಲಿ ಟಿಪ್ಪು ಇಲ್ಲಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಹಿಡಿದುಕೊಂಡು ಹೋದ, ಇಗರ್ಜಿಗಳು ನೆಲಸಮವಾದವು, ಬದುಕಿ ಉಳಿದವರು ತಿರುಗಿ ಬಂದದ್ದು 1799ರ ಮೇಲೆ. ಗೆಳತಿಯ ಮರ 1800ರ ಆಚೆಈಚೆ ಬಂದು ನಿಂತಿದೆ. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ ಗೋವಾದ ಯಾವ ಊರಿನಿಂದ ಹೊರಟದ್ದು ಎಂಬ ಮನೆಮಾತು ಬೇಕು. ಮಂಗಳೂರಿನ ಕೆಥೊಲಿಕ್ ಕುಟುಂಬಗಳ ವಂಶಾವಳಿಗಳನ್ನು ಡಾ. ಮೈಕೆಲ್ ಲೋಬೋ ವರ್ಷಗಟ್ಟಲೆ ಕೂತು ಒಟ್ಟುಮಾಡಿದ್ದಾರೆ. ಅಂಥ ಕೆಲಸ ಇಲ್ಲಿನ ಬೇರೆ ಸಮುದಾಯಗಳಿಗೆ ಆಗಿದ್ದು ನಾನು ಕಂಡಿಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು. ಅವರ ಹಳೆಯ ಫೋಟೋ, ನಕ್ಷೆಗಳು ಬಾಸೆಲ್ಲಿನ ಪತ್ರಾಗಾರದ ತಾಣದಲ್ಲಿ ನೋಡಲು ಸಿಗುತ್ತವೆ, ಕಾಗದಪತ್ರಗಳ ಒಂದು ಪಾಲು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿದೆ. ಅಜ್ಜ ಹಂಚಿನ ಕಾರ್ಖಾನೆಗೋ ನೇಯ್ಗೆಗೋ ಹೋಗುತ್ತಿದ್ದರೆ ಯಾವ ಜಾತಿಯವರಾದರೂ ಆ ಫೋಟೋಗಳನ್ನು ಒಮ್ಮೆ ನೋಡಿ. ಫ್ಯಾಮಿಲಿಸರ್ಚಿನಲ್ಲಿ ಹರಿದ್ವಾರ ಮುಂತಾದ ತೀರ್ಥಕ್ಷೇತ್ರಗಳ ಪಂಡರ ಬಹಿಗಳೂ (ಯಾತ್ರಿಕರ ವಂಶಾವಳಿ ಬರೆದಿಟ್ಟ ಪುಸ್ತಕಗಳೂ) ಇವೆ, ಉತ್ತರದವರಿಗೆ ಚಿನ್ನ. ನಮಗೆ ಹೆಚ್ಚೇನೂ ಇಲ್ಲ.

ಹತ್ತಿರದ ಕಾಲಕ್ಕೆ ನಂಬಬಹುದಾದದ್ದು ಪತ್ರಿಕೆಯ ಶ್ರದ್ಧಾಂಜಲಿ. ಮಣಿಪಾಲದಿಂದ ಉದಯವಾಣಿ ಶುರುವಾದದ್ದು 1970ರಲ್ಲಿ, ಕೊಂಕಣಿಯ ರಾಕ್ಣೊ 1938ರಿಂದ ಉಂಟು. ಉತ್ತರಕ್ರಿಯೆಯ ಜಾಹೀರಾತಿನಲ್ಲಿ ಮಕ್ಕಳು, ಮೊಮ್ಮಕ್ಕಳು, ಮುಂಬಯಿ, ದುಬೈಯವರೆಗೆ ಹೆಸರಿನ ಸಾಲು. ಜಾಲತಾಣಗಳ ನಿಧನ ವಾರ್ತೆಗಳೂ ಹಾಗೇ, ಹುಡುಕಲು ಇನ್ನೂ ಸುಲಭ. ಆ ಪಟ್ಟಿಯಿಂದ ಯಾರ ಹೆಸರನ್ನು ಬಿಟ್ಟಿದ್ದಾರೆ ಎಂಬುದನ್ನೂ ಓದಲು ಕಲಿಯಬೇಕು.

ಮುತ್ತಜ್ಜ ಸಿಕ್ಕಿದ್ದು ಇದ್ಯಾವುದರಲ್ಲೂ ಅಲ್ಲ. ಒಂದು ಸಣ್ಣ ತೋಟದ ಹಳೆಯ ಅಡಂಗಲ್‌ನಲ್ಲಿ ಮುತ್ತಜ್ಜಿಯ ಹೆಸರಿನ ಎದುರು ಒಂದು ದಾನಪತ್ರದ ನಂಬರು ಇತ್ತು. ಕುಟುಂಬದ ಆಸ್ತಿ ಅಳಿಯನಿಗೆ ಹೋಗುವ ಕಾಲದಲ್ಲಿ ಹೆಂಡತಿ ಮಕ್ಕಳ ಮೇಲೆ ಜೀವ ಇಟ್ಟ ಗಂಡಸು ಮಾಡಬಹುದಾಗಿದ್ದದ್ದು ಇಷ್ಟೇ, ಸ್ವಂತ ದುಡಿಮೆಯಿಂದ ಮಾಡಿದ್ದನ್ನು ಬದುಕಿರುವಾಗಲೇ ಬರೆದುಕೊಡುವುದು. ಹಾಗೆ ಬರೆಯುವಾಗ ಅವಳು ತನಗೆ ಏನಾಗಬೇಕು, ಮಕ್ಕಳು ಯಾರು ಎಂದು ಹೇಳಲೇಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನಕಲು ತೆಗೆಸಿದೆವು. ಹೆಸರು ತುಕ್ರ, ಬಳಿ, ಮನೆ, ಗ್ರಾಮ, ಮುತ್ತಜ್ಜಿಯ ಹೆಸರು, ಅವಳ ಮಕ್ಕಳ ಹೆಸರು ಹಿರಿಯರಿಂದ ಕಿರಿಯರವರೆಗೆ. ಅಳಿಯಕಟ್ಟಿನ ಅಜ್ಜನನ್ನು ಹುಡುಕುವವರು ದಾನಪತ್ರ ಹುಡುಕಿ. ಏನೂ ಬರೆದುಕೊಡದ ಅಜ್ಜಂದಿರಿಗೆ ನನ್ನ ಹತ್ತಿರ ದಾರಿಯಿಲ್ಲ.

ದೊಡ್ಡಮ್ಮನಿಗೆ ಹೇಳಿದಾಗ, "ಓ, ತುಕ್ರಜ್ಜ!" ಎಂದರು, ನಿನ್ನೆ ಕಂಡವರ ಹಾಗೆ. ಮಾಮನಿಗೆ ಅಷ್ಟು ಉತ್ಸಾಹ ಬರಲಿಲ್ಲ. ನಾಗ ತಾಯಿಯ ಕಡೆಯದ್ದು, ಅಜ್ಜಿ ಹೇಳಿದ ಹೊಳೆಯಾಚೆಯ ಮನೆ ಸಿಕ್ಕಿದೆ, ಆ ಅಜ್ಜ ಯಾರಾದರೆ ಏನು ಎಂಬುದು ಅವರ ವಾದ. ಲೆಕ್ಕಕ್ಕೆ ಅವರು ಹೇಳುವುದು ಸರಿ. ತಂಬಿಲಕ್ಕೆ ಅಜ್ಜನ ಹೆಸರು ಬೇಕಿರಲಿಲ್ಲ. ನನಗೆ ಬೇಕಿತ್ತು.

ಡಿ.ಎನ್.ಎ. ಮಾಡಿಸಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುವ ಮೈಟೊಕಾಂಡ್ರಿಯದ ಡಿ.ಎನ್.ಎ. ಬಳಿಯ ದಾರಿಯಲ್ಲೇ ನಡೆಯುತ್ತದೆ, ಗಂಡುಮಕ್ಕಳಲ್ಲಿ ಇದ್ದರೂ ಅವರಿಂದ ಮುಂದೆ ಹೋಗುವುದಿಲ್ಲ. ಕೇಳಲು ಚಂದ. ಆದರೆ ಅದು ಹೇಳುವುದು ಸಾವಿರಾರು ವರ್ಷದ ಮಾತು, ಹೊಳೆಯಾಚೆಯ ಮನೆಯ ಮಾತನ್ನಲ್ಲ. ಎಂಜಲನ್ನು ಕೊಳವೆಗೆ ತುಂಬಿಸಿ ಪರದೇಶದ ಕಂಪೆನಿಗೆ ಕಳಿಸುವ ಮೊದಲು ಮನೆಮಂದಿಯ ಒಪ್ಪಿಗೆ ಬೇಕು, ಯಾಕೆಂದರೆ ಅದರಲ್ಲಿ ಇರುವುದು ನಿಮ್ಮೊಬ್ಬರ ಗುಟ್ಟಲ್ಲ. ಅದಕ್ಕಿಂತ ಈ ವರ್ಷದ ನೇಮದಲ್ಲಿ ಫೋನು ಹಿಡಿದು ನಿಲ್ಲುವುದು ಲಾಭ. ದೈವ ನುಡಿ ಕೊಡುವಾಗ ಮನೆಗಳನ್ನು ಸಾಲಾಗಿ ಹೆಸರು ಹಿಡಿದು ಕರೆಯುತ್ತದೆ. ಯಾವ ಮನೆಯ ನಂತರ ಯಾವುದು ಎಂಬ ಕ್ರಮದಲ್ಲಿ ಹಳೆಯ ಸಂಬಂಧಗಳು ಅಡಗಿವೆ. ಕೇಳಿ ಬರೆದುಕೊಳ್ಳಲು ಕನ್ನಡ ಲಿಪಿ ಸಾಕು. ಮನೆಯ ಅಟ್ಟದಲ್ಲಿ ಓಲೆಗರಿ ಇದ್ದವರಿಗೆ ಇನ್ನೊಂದು ಸುದ್ದಿ: 2024ರಲ್ಲಿ ತುಳು ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿದೆ, ಆ ಬರಹವನ್ನು ಅದೇ ಲಿಪಿಯಲ್ಲಿ ಕಂಪ್ಯೂಟರಿಗೆ ಏರಿಸುವ ದಾರಿ ತೆರೆದಿದೆ.

ಕಡತ ದೊಡ್ಡದಾದಂತೆ ತಲೆನೋವು ಬೇರೆ ರೀತಿಯದಾಯಿತು. ಮರವನ್ನು ಪಿ.ಡಿ.ಎಫ್. ಮಾಡಿ ವಾಟ್ಸಾಪಿಗೆ ಹಾಕು ಎಂದು ಎಲ್ಲರ ಒತ್ತಾಯ. ಬದುಕಿರುವವರ ಹುಟ್ಟಿದ ದಿನ, ತಾಯಿಯ ತವರಿನ ಹೆಸರು, ಊರು ಒಂದೇ ಹಾಳೆಯಲ್ಲಿ ಇರುವುದು ಬ್ಯಾಂಕಿನ ಕಳ್ಳರಿಗೆ ಎಷ್ಟು ಅನುಕೂಲ ಎಂದು ವಿವರಿಸಿದರೂ ಕೆಲವರಿಗೆ ಅರ್ಥವಾಗಲಿಲ್ಲ. ಫ್ಯಾಮಿಲಿಸರ್ಚ್ ಕೂಡ ಬದುಕಿರುವವರ ವಿವರವನ್ನು ಎಲ್ಲರಿಗೂ ತೋರಿಸುವುದಿಲ್ಲ. ಗುಂಪಿಗೆ ಕೊಟ್ಟ ಪ್ರತಿಯಲ್ಲಿ ತೀರಿಹೋದವರಿಗೆ ಮಾತ್ರ ಇಸವಿ ಇಟ್ಟೆ. ಗ್ರ್ಯಾಂಪ್ಸಿನಲ್ಲಿ ಅದಕ್ಕೆ ಒಂದು ಗುಂಡಿ ಒತ್ತಿದರೆ ಆಯಿತು.

ಗುಂಡಿ ಒತ್ತಿ ಮುಗಿಸಲಾಗದ್ದು ಇನ್ನೊಂದು. ತುಕ್ರಜ್ಜನ ಹೆಸರು ಸಿಕ್ಕಿದ ಮೇಲೆ ಇಂಡೆಕ್ಸಿನಲ್ಲಿ ಅದೇ ಹೆಸರು, ಅದೇ ಮನೆ, ಇನ್ನೊಂದು ದಾನಪತ್ರ ಕಂಡಿತು. ಕೊಟ್ಟದ್ದು ಬೇರೆ ಗ್ರಾಮದ ಬೇರೆ ಹೆಂಗಸಿಗೆ ಮತ್ತು ಅವಳ ಮಕ್ಕಳಿಗೆ. ಒಂದು ಕುಟುಂಬದ ಮರದಲ್ಲಿ ಗಂಡಸರ ಕೊಂಬೆ ನಿಂತುಹೋಗುವುದರಿಂದ ಇಂಥದ್ದು ನೂರು ವರ್ಷ ಯಾರ ಕಣ್ಣಿಗೂ ಬೀಳದೆ ಇರಬಲ್ಲದು. ಎರಡು ಮನೆಗಳೂ ತಮ್ಮ ತಮ್ಮ ಅಜ್ಜಿಯ ಕೆಳಗೆ ಸರಿಯಾಗಿಯೇ ಇದ್ದವು. "ಅದನ್ನು ಹಾಕುವುದು ಬೇಡ ಮಾರಾಯ, ಎಂತಕ್ಕೆ" ಎಂದರು ಮಾಮ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮಕ್ಕಳು ಏನು ತಪ್ಪು ಮಾಡಿದವು, ಬರೆ ಎಂದರು. ಬರೆದೆ. ಮಾಮನ ಮಾತಿಗೆ ಬೆಲೆ ಕೊಟ್ಟು ಗುಂಪಿನ ಪ್ರತಿಯಿಂದ ಅದನ್ನು ತೆಗೆದಿಟ್ಟೆ.

ಆ ಕಡೆಯವರ ಮೊಮ್ಮಗನ ಮಗನೊಬ್ಬ ಮುಂಬಯಿಯಲ್ಲಿ ಸಿಕ್ಕಿದ, ಒಂದು ನಿಧನ ವಾರ್ತೆಯ ಹೆಸರಿನ ಸಾಲಿನ ಮೂಲಕ. ಅವನೂ ತನ್ನ ಕುಟುಂಬದ ಮರ ಮಾಡುತ್ತಿದ್ದಾನೆ, ಅವನಿಗೂ ಅಜ್ಜ ಕಾಣೆ. ಎರಡು ದಾನಪತ್ರಗಳ ಪ್ರತಿಯನ್ನೂ ಕಳಿಸಿದೆ. ಓದಿ ಬಹಳ ಸಂತೋಷಪಟ್ಟ, ಎರಡೂ ಮನೆಯನ್ನು ಕೂಡಿಸಿದ ಕಡತ ತನಗೂ ಬೇಕು ಎಂದ. ಒಂದೇ ಷರತ್ತು, ತನ್ನ ಅಮ್ಮನಿಗೆ ತೋರಿಸಲು ನಮ್ಮ ಮನೆ ಇಲ್ಲದ ಒಂದು ಪ್ರತಿಯನ್ನೂ ಮಾಡಿಕೊಡಬೇಕಂತೆ. ಹಾಗೆ ಈಗ ತುಕ್ರಜ್ಜನ ಹೆಸರಿನಲ್ಲಿ ಮೂರು ಕಡತ ಉಂಟು.